ಉಸಿರಿಗೆ ಮೇಲೇಳದ ದನಿ

ಕತ್ತರಿ ಸತ್ತು ದಡಕ್ಕೆ ಬಿದ್ದ ದಿನವೂ ಆಲಿಕೆ ಕೇಂದ್ರದ ಪರದೆಯ ಮೇಲೆ ಕತ್ತರಿ ಕೂಗುತ್ತಲೇ ಇತ್ತು.

ಸಂಕದಕೋಡಿಯ ಅಳಿವೆಯಿಂದ ತುಸು ದಕ್ಷಿಣಕ್ಕೆ, ಹೊಸ ಬಂದರಿನ ತಡೆಗೋಡೆ ಕಡಲೊಳಗೆ ಚಾಚಿಕೊಂಡ ಜಾಗದಲ್ಲಿ, ಮಳಿ ಚಿಪ್ಪು ಹೆಕ್ಕಲು ಹೋದ ಹೆಂಗಸರು ಅದನ್ನು ಮೊದಲು ಕಂಡರು. ಅವರಲ್ಲಿ ಗುಲಾಬಿಯೂ ಇದ್ದಳು. ಸೆರಗಿಗೆ ಕೈಯೊರೆಸಿಕೊಂಡು ಅವಳು ನಾದಿನಿ ವಿನುತಾಗೆ ಫೋನು ಮಾಡಿದಳು. ಎಷ್ಟೋ ತಿಂಗಳ ಮೇಲೆ ಮಾಡಿದ ಫೋನು ಅದು.

"ಹೆಣೆ, ನಿನ್ನ ಹಂದಿಮೀನ್ ಒಂದ್ ಇಲ್ಲಿ ಬಿದ್ಕಂಡಿತ್ತ್. ಬಂದ್ ಕಾಣ್" ಎಂದಷ್ಟೇ ಹೇಳಿ ಇಟ್ಟುಬಿಟ್ಟಳು. ಕೇರಿಯಲ್ಲಿ ಡಾಲ್ಫಿನ್ನಿಗೆ ಹಂದಿಮೀನೆಂದೇ ಹೆಸರು.

ವಿನುತಾ ಮೊಗವೀರ ಇದೇ ಊರಿನ ಕೇರಿಯಲ್ಲಿ ಹುಟ್ಟಿ, ಕಡಲಜೀವಿಗಳ ದನಿಯ ಮೇಲೆ ಡಾಕ್ಟರೇಟು ಮಾಡಿ, ಇದೇ ಊರಿನ ಆಲಿಕೆ ಕೇಂದ್ರಕ್ಕೆ ವಿಜ್ಞಾನಿಯಾಗಿ ಬಂದವಳು. ಊರಿಗೆ ಬಂದಾಗ ಎಲ್ಲರಿಗೂ ಹೆಮ್ಮೆ. ಈಗ ಕೇರಿಯಲ್ಲಿ ಅವಳು ನಡೆದು ಹೋದರೆ ಜಗಲಿಯಲ್ಲಿ ಕೂತವರು ಮಾತು ನಿಲ್ಲಿಸುತ್ತಿದ್ದರು.

ಮರಳಿನ ಮೇಲೆ ಮಗುಚಿ ಬಿದ್ದಿದ್ದ ಹೆಣವನ್ನು ನೋಡಿದ ಕೂಡಲೇ ಅವಳಿಗೆ ಗುರುತು ಸಿಕ್ಕಿತು. ಬೆನ್ನಿನ ಈಜುರೆಕ್ಕೆ ಬುಡದವರೆಗೂ ಸೀಳಿ, ತೆರೆದ ಕತ್ತರಿಯ ಹಾಗೆ ಎರಡಾಗಿತ್ತು; ಕತ್ತರಿ ಎಂಬ ಹೆಸರು ಬಂದದ್ದೂ ಅದರಿಂದಲೇ. ಯಾವುದೋ ಬೋಟಿನ ಅಡಿಯ ಫ್ಯಾನು ಬಡಿದ ಹಳೆಯ ಗಾಯ. ವಿನುತಾ ವಿದ್ಯಾರ್ಥಿನಿಯಾಗಿದ್ದಾಗಿನಿಂದ ಈ ಗೂನುಬೆನ್ನಿನ ಡಾಲ್ಫಿನ್ನನ್ನು ಬಲ್ಲಳು. ಕಳೆದ ಬೇಸಗೆಯಲ್ಲಿ ಅದು ಮರಿ ಹಾಕಿದಾಗ ಕೇಂದ್ರದಲ್ಲಿ ಎಲ್ಲರಿಗೂ ಪೇಡೆ ಹಂಚಿದ್ದಳು.

ಅವಳು ಮಂಡಿಯೂರಿ ಕೂತು ತಲೆಯ ಪಕ್ಕ ಬೆರಳಾಡಿಸಿದಳು. ಡಾಲ್ಫಿನ್ನಿನ ಕಿವಿಯೆಂದರೆ ಸೂಜಿ ಚುಚ್ಚಿದಷ್ಟು ಸಣ್ಣ ತೂತು. ಆ ತೂತಿನಿಂದ ರಕ್ತ ಇಳಿದು ಕಪ್ಪಾಗಿ ಒಣಗಿತ್ತು. ಚರ್ಮ ಸುಲಿದು ಬರುತ್ತಿತ್ತು. ಸತ್ತು ಕೆಲವು ದಿನಗಳೇ ಆಗಿರಬೇಕು.

ಅಭ್ಯಾಸಬಲದಿಂದ ಅವಳು ಫೋನು ತೆಗೆದು ಕೇಂದ್ರದ ಪುಟ ನೋಡಿದಳು. 'ಕತ್ತರಿ. ಈಗ ಕೊಲ್ಲಿಯಲ್ಲಿದೆ' ಎಂದು ಹಸಿರು ಅಕ್ಷರ ಮಿನುಗಿತು. ಒತ್ತಿದರೆ ದನಿಯೂ ಬಂತು. ಕೆಳಗಿನಿಂದ ಮೇಲೇರಿ, ನಡುವೆ ಒಮ್ಮೆ ನಡುಗಿ, ಮತ್ತೆ ಏರುವ ಶಿಳ್ಳೆ. ಪ್ರತಿ ಡಾಲ್ಫಿನ್ನಿಗೂ ತನ್ನದೇ ಒಂದು ಶಿಳ್ಳೆಯಿರುತ್ತದೆ; ಮನುಷ್ಯರಿಗೆ ಹೆಸರಿದ್ದ ಹಾಗೆ. ಇದು ಕತ್ತರಿಯದೇ. ಸಂಶಯವೇ ಇರಲಿಲ್ಲ.

ಗುಲಾಬಿ ಬಗ್ಗಿ ಫೋನಿನೊಳಗೆ ನೋಡಿದಳು. "ಇದ್ ಇಲ್ಲಿ ಸತ್ತ್ ಬಿದ್ದಿತ್ತ್. ಅದ್ರಾಗೆ ಕೂಗುದ್ ಯಾರ್?"

ವಿನುತಾ ತಲೆಯೆತ್ತಿ ಜೆಟ್ಟಿಯ ಕಡೆ ನೋಡಿದಳು. ಜೆಟ್ಟಿಯ ಕಂಬದ ಮೇಲೆ ಕೆಂಪು ದೀಪ ಉರಿಯುತ್ತಿತ್ತು.

ಆ ದೀಪದ ಕಾನೂನು ಬಂದು ಆರು ವರ್ಷವಾಗಿತ್ತು. ಡಾಲ್ಫಿನ್ ಇದ್ದರೆ ಬಲೆ ಹಾಕುವಂತಿಲ್ಲ. ಡಾಲ್ಫಿನ್ ಇಲ್ಲದಿದ್ದರೆ ಬಂದರು ಕಟ್ಟುವಂತಿಲ್ಲ. ಕಾನೂನಿನ ತಿರುಳು ಇಷ್ಟೇ. ಕೊಲ್ಲಿಯ ತಳದಲ್ಲಿ ಅಲ್ಲಲ್ಲಿ ಮೈಕುಗಳನ್ನು ಹೂತಿಟ್ಟಿದ್ದರು. ಅವು ಕೇಳಿಸಿಕೊಂಡ ಶಿಳ್ಳೆಯನ್ನು ಕೇಂದ್ರದ ಯಂತ್ರ ಗುರುತಿಸಿ, ಯಾವ ಡಾಲ್ಫಿನ್ ಎಲ್ಲಿದೆಯೆಂದು ಹೇಳುತ್ತಿತ್ತು. ಒಂದು ಶಿಳ್ಳೆ ಕೇಳಿದರೂ ದೀಪ ಕೆಂಪಾಗುತ್ತದೆ, ದೋಣಿಗಳೆಲ್ಲ ಬಲೆ ಎತ್ತಿ ದಡಕ್ಕೆ ಬರಬೇಕು. ಬಂದರಿನವರಿಗೆ ಬೇರೆ ಷರತ್ತು. ಡಾಲ್ಫಿನ್ನುಗಳ ಸಂಖ್ಯೆ ಇಳಿಯದಿದ್ದರೆ ಅವರ ಕೆಲಸದಿಂದ ಕಡಲಿಗೆ ಹಾನಿಯಿಲ್ಲವೆಂದು ಅರ್ಥ, ಹೂಳೆತ್ತುವುದು ಮುಂದುವರಿಯಬಹುದು. ಇಳಿದರೆ ಎಲ್ಲ ನಿಲ್ಲಬೇಕು. ಕಡಲತಳದ ಬಂಡೆ ಸಿಡಿಸುವ ಮುಂಚೆ ಮಾತ್ರ, ಆ ಜಾಗದಲ್ಲಿ ಡಾಲ್ಫಿನ್ ಇಲ್ಲವೆಂದು ಕೇಂದ್ರದವರು ಪರದೆ ನೋಡಿ ಸಹಿ ಹಾಕಬೇಕು. ಕಾನೂನು ಬಂದಾಗ ವಿನುತಾ ಅದನ್ನು ಮನಸಾರೆ ಮೆಚ್ಚಿದ್ದಳು. ಮೂಕಪ್ರಾಣಿಗೆ ಮೊದಲ ಸಲ ಸಾಕ್ಷಿ ಹೇಳುವ ಅವಕಾಶ ಸಿಕ್ಕಿತೆಂದು ಲೇಖನವನ್ನೂ ಬರೆದಿದ್ದಳು.

ಆ ಹೊತ್ತಿಗೆ ಫೋಟೋ, ವಿಡಿಯೋಗಳನ್ನು ನಂಬುವ ಕಾಲವೂ ಮುಗಿದಿತ್ತು. ಯಾರು ಬೇಕಾದರೂ ಯಾರ ಮುಖ, ಯಾರ ದನಿಯನ್ನಾದರೂ ಕೂತಲ್ಲೇ ಸೃಷ್ಟಿಸಬಹುದಾದ ಮೇಲೆ, ನ್ಯಾಯಾಲಯ ಒಪ್ಪುತ್ತಿದ್ದುದು ಎರಡನ್ನೇ: ಸರ್ಕಾರ ಮುದ್ರೆಯೊತ್ತಿದ ಉಪಕರಣದ ಲೆಕ್ಕ, ಇಲ್ಲವೇ ಅಧಿಕಾರಿ ಸ್ವತಃ ಕಂಡು ಕೇಳಿದ್ದು. ಕೊಲ್ಲಿಯ ಮೈಕುಗಳು ಕೊಡುವ ಸಂಖ್ಯೆಗೆ ಮುದ್ರೆಯಿತ್ತು. ಮೀನುಗಾರರ ಫೋನುಗಳಿಗೆ ಇರಲಿಲ್ಲ.

ವಿನುತಾ ಕೇಂದ್ರಕ್ಕೆ ಹೋಗಿ ಬಾಗಿಲು ಹಾಕಿಕೊಂಡು ಕೂತಳು. ಪರದೆ ಎಂದಿನ ಹಾಗೆ ಇಪ್ಪತ್ತಮೂರು ಡಾಲ್ಫಿನ್ ಎಂದು ತೋರಿಸುತ್ತಿತ್ತು. ದಿನನಿತ್ಯ ಯಾರೂ ನೋಡುತ್ತಿದ್ದುದು ಆ ಸಂಖ್ಯೆಯನ್ನು ಮಾತ್ರ. ಅವಳು ಅದರ ಹಿಂದಿನ, ಮುದ್ರೆಯಿಲ್ಲದ ಮೂಲ ಧ್ವನಿಯನ್ನು ತೆರೆದಳು. ಒಂದೇ ಶಿಳ್ಳೆ ಒಂದೊಂದು ಮೈಕಿಗೆ ಒಂದೊಂದು ಕ್ಷಣ ತಡವಾಗಿ ಮುಟ್ಟುತ್ತದೆ. ಆ ತಡವನ್ನು ಲೆಕ್ಕಹಾಕಿದರೆ ಕೂಗಿದ್ದು ಎಲ್ಲಿಂದ, ಎಷ್ಟು ಆಳದಿಂದ ಎಂದು ಗೊತ್ತಾಗುತ್ತದೆ. ಅವಳು ಕತ್ತರಿಯ ಆಳವನ್ನು ಗೆರೆಯಾಗಿ ಎಳೆಸಿದಳು.

ಗೆರೆ ಮಟ್ಟಸವಾಗಿ ಬಂತು. ಕಡಲತಳದಿಂದ ಮೊಳದೆತ್ತರದಲ್ಲಿ, ಬೆಳಗ್ಗೆಯಿಂದ ಆ ಗಳಿಗೆಯವರೆಗೂ, ಒಂದೇ ಮಟ್ಟ.

ಡಾಲ್ಫಿನ್ ಮೀನಲ್ಲ. ಅದಕ್ಕೆ ನಮ್ಮ ಹಾಗೆ ಶ್ವಾಸಕೋಶ. ಐದಾರು ನಿಮಿಷಕ್ಕೊಮ್ಮೆಯಾದರೂ ನೀರಿನ ಮೇಲೆ ಬಂದು ಉಸಿರು ತೆಗೆದುಕೊಳ್ಳದಿದ್ದರೆ ಸತ್ತೇ ಹೋಗುತ್ತದೆ. ಅವಳು ಒಂದೊಂದಾಗಿ ಉಳಿದವುಗಳ ಗೆರೆ ಎಳೆಸಿದಳು. ಬೋಳ, ಚುಕ್ಕಿ, ಅಜ್ಜಿ, ಮೊಂಡ. ಒಂದೂ ಮೇಲೆ ಬರಲಿಲ್ಲ. ಇಪ್ಪತ್ತಮೂರೂ ನೀರಿನಡಿಯಲ್ಲಿ, ನಿಧಾನವಾಗಿ, ಗಾಣದೆತ್ತಿನ ಹಾಗೆ ಅದದೇ ದಾರಿಯಲ್ಲಿ ಸುತ್ತುತ್ತಿದ್ದವು.

ಮೊದಮೊದಲು ಗುರುತಿಸುವ ಯಂತ್ರಕ್ಕೆ ಪಾಠ ಹೇಳಿಕೊಡಲು ಸಾವಿರಾರು ಶಿಳ್ಳೆಗಳು ಬೇಕಾಗಿದ್ದವು. ಅಷ್ಟು ಶಿಳ್ಳೆ ಕಡಲಿನಿಂದ ಸಿಗದೆ, ಒಂದೊಂದು ಪ್ರಾಣಿಯ ದನಿಯನ್ನೂ ಅನುಕರಿಸುವ ಪ್ರೋಗ್ರಾಮನ್ನು ವಿನುತಾಳೇ ಬರೆದಿದ್ದಳು. ಕತ್ತರಿಯ ಶಿಳ್ಳೆಯಲ್ಲಿನ ಆ ಒಂದು ನಡುಕವನ್ನು ಸರಿಯಾಗಿ ತರಲು ವಾರಗಟ್ಟಲೆ ಹೆಣಗಾಡಿದ್ದಳು. ಆ ದನಿಗಳನ್ನು ಯಾರೋ ನೀರಿನಡಿ ತಾನೇ ಸುತ್ತುವ ಒಂದೊಂದು ಯಂತ್ರದ ಸ್ಪೀಕರಿಗೆ ಹಾಕಿ ಕಡಲಿಗಿಳಿಸಿದ್ದರು.

ಕುರ್ಚಿ ಹಿಂದಕ್ಕೆ ಬಿದ್ದದ್ದೂ ತಿಳಿಯದೆ ಅವಳು ನಿರ್ದೇಶಕರ ಕೋಣೆಗೆ ನಡೆದಳು.

ಡಾ. ಸುದರ್ಶನ ಬೆಳವಾಡಿ ಮೆತ್ತಗಿನ ಮಾತಿನ ಮನುಷ್ಯ. ಪೂರ್ತಿ ಕೇಳಿಸಿಕೊಂಡರು. ಅಲ್ಲಗಳೆಯಲೂ ಇಲ್ಲ.

"ಅದಕ್ಕೆ ಮರುಕರೆ ಯೋಜನೆ ಅಂತ ಹೆಸರು ವಿನುತಾ. ಸದ್ದಿಗೆ ಹೆದರಿ ಡಾಲ್ಫಿನ್‌ಗಳು ದೂರ ಹೋದ್ವು. ಅವುಗಳದ್ದೇ ದನಿ ಕೇಳಿಸಿದ್ರೆ ವಾಪಸ್ ಬರಬಹುದು ಅಂತ ಶುರು ಮಾಡಿದ್ದು. ಬಂದರಿನವರೇ ಯಂತ್ರ ಕೊಟ್ರು."

"ಯಂತ್ರದ ದನಿಯನ್ನೇ ನಮ್ಮ ಮೈಕು ಎಣಿಸ್ತಾ ಇದೆ ಸರ್."

"ಕಾನೂನು ದನಿ ಕೇಳುತ್ತೆ. ದನಿ ಇದೆ."

"ಪ್ರಾಣಿ ಇಲ್ಲ!"

ಬೆಳವಾಡಿ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಕೂತ್ಕೊಳಿ. ಸ್ವಲ್ಪ ಯೋಚನೆ ಮಾಡಿ. ನಾಳೆ ನೀವು ಹೋಗಿ, ಇಲ್ಲಿ ಡಾಲ್ಫಿನ್ ಇಲ್ಲ ಅಂತ ಹೇಳಿದ್ರಿ ಅಂತಿಟ್ಕೊಳಿ. ಏನಾಗುತ್ತೆ? ಬಂದರು ನಿಲ್ಲುತ್ತೆ ಅಂತ ತಿಳ್ಕೊಂಡಿದೀರಾ? ಡಾಲ್ಫಿನ್ನೇ ಇಲ್ಲದ ಕೊಲ್ಲಿಗೆ ಸಂರಕ್ಷಿತ ಪ್ರದೇಶ ಅನ್ನೋ ಹೆಸರು ಯಾಕೆ ಅಂತ ಕೇಳ್ತಾರೆ. ಒಂದೇ ಆದೇಶದಲ್ಲಿ ತೆಗೆದು ಹಾಕ್ತಾರೆ. ಆಮೇಲೆ ಷರತ್ತೂ ಇಲ್ಲ, ಮೈಕೂ ಇಲ್ಲ, ನೀವೂ ಇಲ್ಲ, ನಾನೂ ಇಲ್ಲ. ಈ ಕೊಲ್ಲಿಗೆ ಈಗಿರೋ ಕಾವಲು ಅಂದ್ರೆ ಆ ದನಿ ಒಂದೇ."

"ಕತ್ತರಿಯ ಕಿವಿಯಿಂದ ರಕ್ತ ಬಂದಿದೆ ಸರ್. ಬಂಡೆ ಸಿಡಿಸಿದ ಹೊಡೆತಕ್ಕೆ ಸತ್ತಿದೆ. ಸಿಡಿಸೋ ಮುಂಚೆ ಅಲ್ಲಿ ಡಾಲ್ಫಿನ್ ಇಲ್ಲ ಅಂತ ಪರದೆ ನೋಡಿ ಸಹಿ ಹಾಕಿದವರು ಯಾರು?"

"ಪರದೆಯಲ್ಲಿ ಇರಲಿಲ್ಲ."

"ಪರದೆ ಎಣಿಸೋದು ಸ್ಪೀಕರಿನ ಗಟ್ಟಿ ದನಿಯನ್ನ. ನೀವು ಸ್ಪೀಕರನ್ನು ಆ ಕಡೆ ಕಳಿಸಿರಲಿಲ್ಲ. ಅದಕ್ಕೇ ಇರಲಿಲ್ಲ."

ಬೆಳವಾಡಿ ಕನ್ನಡಕ ಹಾಕಿಕೊಂಡು ಮುಂದಿನ ಕಡತ ತೆರೆದರು. ಅದನ್ನು ನೋಡಿ ವಿನುತಾಗೆ ಮೇಜನ್ನೇ ಮಗುಚಿಬಿಡಬೇಕೆನಿಸಿತು. ಬಾಗಿಲನ್ನು ಮಾತ್ರ ಜೋರಾಗಿ ಹಾಕಿಕೊಂಡು ಬಂದಳು.

ಕೇಂದ್ರದ ವಸತಿಗೃಹಕ್ಕೆ ಹೋಗಲು ಮನಸ್ಸಾಗದೆ ಅವಳು ಅಣ್ಣನ ಮನೆಗೆ ನಡೆದಳು. ಅಣ್ಣ ಉದಯ ಊರಿನ ಕೈರಂಪಣಿ ತಂಡದ ಮುಂದಾಳು. ದಡದಿಂದಲೇ ಹತ್ತಾರು ಜನ ಸೇರಿ ಎಳೆಯುವ ದೊಡ್ಡ ಬಲೆ ಅದು. ಕೆಲವು ತಿಂಗಳ ಹಿಂದೆ ದೀಪ ಕೆಂಪಾದ ಮೇಲೂ ಬಲೆ ಎತ್ತಲು ತಡಮಾಡಿದನೆಂದು ಅವನ ದೋಣಿಯನ್ನು ಜಪ್ತಿ ಮಾಡಿ, ಅವನನ್ನು ಜೈಲಿಗೆ ಹಾಕಿದ್ದರು. ಜಾಮೀನಿನ ಮೇಲೆ ಬಂದವನು ತಂಗಿಯ ಜೊತೆ ಮಾತು ಬಿಟ್ಟಿದ್ದ. ಗುಲಾಬಿ ಈಗ ಎಲ್ಲಿಂದಲೋ ಲಾರಿಯಲ್ಲಿ ಬರುವ ಐಸ್ ಮೀನನ್ನು ಬುಟ್ಟಿಯಲ್ಲಿಟ್ಟು ಮಾರುತ್ತಿದ್ದಳು. ಕಡಲ ಬದಿಯಲ್ಲೇ ಕೂತು, ಹೊರಗಿನ ಮೀನು.

ಗುಲಾಬಿ ಬಾಗಿಲಲ್ಲೇ ನಿಂತು ಕೇಳಿದಳು. "ಎಂತ ಬಂದದ್? ಸತ್ತ ಹಂದಿಮೀನಿಗೆ ಅಳೂಕಾ?"

"ಅತ್ತಿಗೆ, ಒಳಗ್ ಬತ್ತೆ. ಹೇಳೂಕಿತ್ತ್."

"ನೀವ್ ದಿನಾ ಹಂದಿಮೀನ್ ಎಣ್ಸ್ತ್ರಿ. ನಮ್ಮನ್ ಯಾರ್ ಎಣ್ಸ್ತ್ರ್? ಈ ಕೇರಿಯಂಗೆ ಎಷ್ಟ್ ಒಲಿ ಉರಿತಿಲ್ಲೆ, ಅದಕ್ಕೆ ಒಂದ್ ದೀಪ ಹಾಕ್ಕಂಬುಕೆ ಆತಿಲ್ಲ್ಯಾ ನಿಮ್ಗೆ?"

ವಿನುತಾ ಜಗಲಿಯಲ್ಲೇ ಕುಸಿದು ಕೂತು, ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ಒಳಗೆ ಊಟಕ್ಕೆ ಕೂತಿದ್ದ ಉದಯ ಎಂಜಲು ಕೈಯಲ್ಲೇ ಎದ್ದು ಬಂದ. ಮತ್ತೊಮ್ಮೆ ಹೇಳಿಸಿದ.

"ಹಂಗಾರೆ ನಾ ಜೈಲಿಗ್ ಹೋದ್ದ್ ಒಂದ್ ರೇಡಿಯೋಕಾ?"

ಅವನು ಅಂಗಳಕ್ಕಿಳಿದು, ತೆಂಗಿನ ಬುಡದಲ್ಲಿ ಕೈ ತೊಳೆದು, ಅಲ್ಲೇ ನಿಂತು ಕಡಲಿನ ಕಡೆ ನೋಡಿ ಉಗಿದ. ತಂಗಿಯನ್ನು ಬೈಯಲಿಲ್ಲ. ಬೈದಿದ್ದರೆ ಅವಳಿಗೆ ಹಗುರಾಗುತ್ತಿತ್ತು.

ಮರುದಿನ ಬೆಳಗ್ಗೆ ವಿನುತಾ ಮತ್ತೆ ಮೂಲ ಧ್ವನಿಯ ಮುಂದೆ ಕೂತಳು. ಕೇಂದ್ರದವರು ಅವಳ ಪ್ರವೇಶವನ್ನು ಇನ್ನೂ ರದ್ದು ಮಾಡಿರಲಿಲ್ಲ; ಮಾಡುವ ಮುಂಚೆ ಸಾಧ್ಯವಾದಷ್ಟನ್ನು ನೋಡಿಬಿಡಬೇಕಿತ್ತು. ಗುರುತಿಸುವ ಯಂತ್ರ ಗದ್ದಲವೆಂದು ಬದಿಗೆ ಸರಿಸಿದ್ದ ಸದ್ದುಗಳಲ್ಲಿ ಒಂದು ಪೀಚಲು ಶಿಳ್ಳೆ ಅವಳ ಕಿವಿಗೆ ಬಿತ್ತು. ಪಟ್ಟಿಯಲ್ಲಿರುವ ಯಾವ ಹೆಸರಿಗೂ ಅದು ಹೊಂದುತ್ತಿರಲಿಲ್ಲ. ಅದರ ಗೆರೆ ಎಳೆಸಿದಳು.

ಗೆರೆ ಮೇಲೇರಿತು. ನೀರಿನ ಮೇಲ್ಮೈಗೆ ಬಂದು ಮತ್ತೆ ಇಳಿಯಿತು. ಸ್ವಲ್ಪ ಹೊತ್ತಿಗೆ ಮತ್ತೆ ಏರಿತು.

ಅದು ಉಸಿರಾಡುತ್ತಿತ್ತು.

ಕತ್ತರಿಯ ಮರಿ. ಅದರ ಸ್ವಂತ ಶಿಳ್ಳೆ ಇನ್ನೂ ಗಟ್ಟಿಯಾಗಿರಲಿಲ್ಲ, ಹಾಗಾಗಿ ಇಡೀ ಕೊಲ್ಲಿಯಲ್ಲಿ ಉಳಿದಿದ್ದ ಒಂದೇ ಒಂದು ನಿಜವಾದ ಪ್ರಾಣಿಯನ್ನು ಯಂತ್ರ ಗದ್ದಲವೆಂದು ಎಸೆದುಬಿಟ್ಟಿತ್ತು. ಮರಿ ಸುಳ್ಳು ಕತ್ತರಿಯ ಪಕ್ಕದಲ್ಲೇ ಸುತ್ತುತ್ತಿತ್ತು. ತಾಯಿಯ ದನಿ ಕೂಗುತ್ತದೆ, ಇದು ಓಗೊಡುತ್ತದೆ. ಉಸಿರಿಗೆ ಮೇಲೆ ಹೋಗುತ್ತದೆ, ಮತ್ತೆ ಇಳಿದು ಬಂದು ಆ ಕಬ್ಬಿಣದ ಮಗ್ಗುಲು ಸೇರುತ್ತದೆ. ಸ್ಪೀಕರಿನ ಯಂತ್ರದ ದಾರಿ ತಡೆಗೋಡೆಯ ಅಂಚಿಗೇ ಇತ್ತು. ಅಲ್ಲಿ ಸೋಮವಾರ ಮತ್ತೆ ಬಂಡೆ ಸಿಡಿಸುವವರಿದ್ದರು. ಸಿಡಿಸುವ ಹೊತ್ತಿಗೆ ಸ್ಪೀಕರು ಆರಿಸಿದರಾಯಿತು, ಪರದೆಯ ಪ್ರಕಾರ ಅಲ್ಲಿ ಯಾವ ಮರಿಯೂ ಇಲ್ಲ.

ಮುಂದಿನ ವಾರದ ಸಾರ್ವಜನಿಕ ಅಹವಾಲು ಸಭೆಗೆ ಅಧ್ಯಕ್ಷರಾಗಿ ಬರಲಿದ್ದ ಅಧಿಕಾರಿ ಹಸೀನಾ ಕಿತ್ತೂರ ಆಗಲೇ ಕುಂದಾಪುರದಲ್ಲಿ ಉಳಿದುಕೊಂಡಿದ್ದರು. ವಿನುತಾ ಅವರಿಗೆ ಫೋನು ಮಾಡಿ ವಿಷಯ ಹೇಳಿದಳು. ಆಕೆ, "ನೀವು ಹೇಳೋದು ನಿಜ ಇದ್ರೆ ಭಾಳ ದೊಡ್ಡ ವಿಷಯ. ಆದ್ರ ನಾನು ಸ್ವತಃ ಕೇಳಬೇಕು. ಆ ಯಂತ್ರ ನನ್ನ ಕಣ್ಣೆದುರಿಗೆ ಕೂಗಬೇಕು. ಇಲ್ಲಾಂದ್ರ ನನ್ನ ಕೈಯಾಗ ಏನೂ ಇಲ್ಲ" ಎಂದರು. ಭಾನುವಾರ ಬೆಳಗ್ಗೆ ಬರುವುದಾಗಿ ಒಪ್ಪಿದರು.

ವಿನುತಾ ಅಣ್ಣನ ಹತ್ತಿರ ಹೋದಳು. "ಬಲೆ ಬೇಕ್" ಎಂದಳು.

"ಬಲೆ ಇತ್ತ್. ದೋಣಿ ಸರ್ಕಾರದ್ರ ಹತ್ರ ಇತ್ತ್" ಎಂದ ಉದಯ. ಆಮೇಲೆ ಒಳಗೆ ಹೋಗಿ ಅಂಗಿ ಹಾಕಿಕೊಂಡು ಬಂದ. "ಬಾ. ಕೇಂಬ."

ಭಾನುವಾರ ಬಿಸಿಲೇರುವ ಹೊತ್ತಿಗೆ ಇಡೀ ಕೇರಿ ದಂಡೆಯಲ್ಲಿತ್ತು. ದೀಪ ಕೆಂಪಾಗಿಯೇ ಇತ್ತು. ಆರು ವರ್ಷದಲ್ಲಿ ಮೊದಲ ಸಲ, ಎಲ್ಲರೂ ಅದನ್ನು ನೋಡಿಯೂ ನೋಡದವರಂತೆ, ಕೇರಿಯಲ್ಲಿ ಕೇಳಿ ತಂದ ದೋಣಿಯನ್ನು ನೀರಿಗೆ ನೂಕಿದರು. ವಿನುತಾ ದೋಣಿಯ ಮುಂದಿನ ತುದಿಯಲ್ಲಿ ನಿಂತು ಮರಿಯನ್ನೇ ನೋಡುತ್ತಿದ್ದಳು. ಅದು ಬಲೆಯೊಳಗೆ ಸಿಕ್ಕಬಾರದು. ಬೂದುಬಣ್ಣದ ಪುಟ್ಟ ಬೆನ್ನು ಹೊರಗಡೆ ಮೇಲೆ ಬಂದು ಉಸಿರು ಬಿಟ್ಟದ್ದೇ ತಡ, ಅವಳು ಕೈ ಬೀಸಿದಳು. ಉದಯ ಬಲೆ ಬಿಟ್ಟ. ದೋಣಿ ಅರ್ಧಚಂದ್ರಾಕಾರವಾಗಿ ಸುತ್ತು ಹಾಕಿ ದಡಕ್ಕೆ ಮರಳಿತು. ಗಂಡಸರು, ಹೆಂಗಸರು ಎರಡೂ ತುದಿಯ ಹಗ್ಗ ಹಿಡಿದು ಎಳೆಯತೊಡಗಿದರು.

ಎದೆಮಟ್ಟದ ನೀರಿಗೆ ಬಂದಾಗ ಬಲೆ ನಿಂತುಬಿಟ್ಟಿತು. ಒಳಗೆ ಆಳುದ್ದದ ಕರಿಯ ಕೊಳವೆಯಂಥ ಯಂತ್ರ ಮೋಟಾರು ತಿರುಗಿಸುತ್ತ ಮರಳಿಗೆ ಮೂತಿ ಹೂಳಿಕೊಂಡಿತ್ತು. ಎಳೆದಷ್ಟೂ ಹೂತುಕೊಳ್ಳುತ್ತಿತ್ತು. ನೀರಿಗೆ ತಲೆ ತಗ್ಗಿಸಿದವರಿಗೆಲ್ಲ ಅದರ ಕೂಗು ಕೇಳಿಸಿತು. ಕೆಳಗಿನಿಂದ ಏರಿ, ನಡುಗಿ, ಮತ್ತೆ ಏರುವ ಕೂಗು. ಗುಲಾಬಿ ತಲೆ ಎತ್ತಿದಾಗ ಅವಳ ಕಣ್ಣು ಕೆಂಪಾಗಿತ್ತು.

"ಇರ್ಲಿ, ಕೂಗ್ತಾ ಇರ್ಲಿ! ಮೇಡಂ ಬಂದ್ ಕೇಂಬ್ಲಿ!" ಎಂದ ಉದಯ.

ಮೇಡಂ ಬರಲಿಲ್ಲ. ಬಂದರಿನ ಗೇಟಿನಲ್ಲಿ ತನ್ನ ಜೀಪನ್ನು ಯಾವುದೋ ಪರವಾನಗಿ ಕೇಳಿ ನಿಲ್ಲಿಸಿದ್ದಾರೆಂದು ಹಸೀನಾ ಕಿತ್ತೂರರೇ ಫೋನು ಮಾಡಿದರು. ನಡೆದೇ ಬರುತ್ತೇನೆ, ಯಂತ್ರ ಆರಿಸಬೇಡಿ ಎಂದರು.

ಅಷ್ಟರಲ್ಲಿ ಯಾರೋ ಕೂಗಿದರು. ಮರಿ ಬಲೆಯ ಹಗ್ಗದ ಮೇಲಿನಿಂದ ಹಾರಿ ಒಳಗೆ ಬಂದಿತ್ತು. ತಾಯಿ ಕರೆಯುತ್ತಿದೆ, ಅದು ಬಾರದೆ ಇದ್ದೀತೆ? ಇಳಿತದ ಹೊತ್ತು. ನೀರು ಹಿಂದೆ ಸರಿಯುತ್ತಿತ್ತು. ಒಂದು ತೆರೆ ಅದನ್ನು ಎತ್ತಿ ಮರಳಿನ ದಿಬ್ಬದ ಮೇಲೆ ಉಜ್ಜಿ ಎಳೆಯಿತು. ಇನ್ನೊಂದು ತೆರೆ ಬಂದರೆ ಅದು ಒಣಮರಳಿನ ಮೇಲೆ. ಅದರ ತಲೆಯ ಮೇಲಿನ ತೂತು ತೆರೆದು ಮುಚ್ಚಿ, ತೆರೆದು ಮುಚ್ಚಿ, ನೊರೆ ನುಂಗುತ್ತಿತ್ತು.

"ಯಂತ್ರ ಮೇಲ್ ಎತ್ತಿ!" ಎಂದು ವಿನುತಾ ಅರಚಿದಳು.

"ಏಳ್ತಿಲ್ಲೆ ಹೆಣೆ! ಹೂತ್ಕಂಡಿತ್ತ್!" ಎಂದರು ಹಗ್ಗ ಹಿಡಿದವರು.

ಅವಳು ದೋಣಿಯ ಲಂಗರು ಕಿತ್ತುಕೊಂಡು ನೀರಿಗೆ ಹಾರಿದಳು. ಉದಯ ಅವಳ ತೋಳು ಹಿಡಿದ. "ಬೇಡ ವಿನುತಾ. ಅದ್ ಸುಮ್ನಾರೆ ನಮ್ಮ್ ಹತ್ರ ಎಂತದೂ ಉಳಿತಿಲ್ಲೆ. ನನ್ನ ಕೇಸ್, ದೋಣಿ, ಎಲ್ಲ ಹೋಯ್ತ್. ಇನ್ನೊಂದ್ ಚೂರ್ ಹೊತ್ತ್. ಅವ್ರ್ ಬತ್ತಾ ಇದ್ರ್."

"ಅದಕ್ಕೆ ಅಷ್ಟ್ ಹೊತ್ತ್ ಇಲ್ಲೆ ಅಣ್ಣ!"

ಉದಯ ಮರಿಯ ಕಡೆ ನೋಡಿದ. ಕೈ ಬಿಟ್ಟ.

ವಿನುತಾ ಮುಳುಗಿ ಮುಳುಗಿ ಹೊಡೆದಳು. ಯಂತ್ರದ ಮೂತಿಯ ಹಿಂದೆ ಬಟ್ಟಲಿನಂತೆ ಉಬ್ಬಿದ್ದ ಸ್ಪೀಕರಿನ ಮೇಲೆ, ಕೈಯ ಚರ್ಮ ಕಿತ್ತುಬರುವ ಹಾಗೆ ಹೊಡೆದಳು. ಬೆಳವಾಡಿಯವರ ಮೆತ್ತಗಿನ ಮಾತಿಗೆ ಒಂದು, ಆ ಹಸಿರು ಅಕ್ಷರಕ್ಕೆ ಒಂದು. ತಾನೇ ಅಷ್ಟು ಅಕ್ಕರೆಯಿಂದ ಕೂರಿಸಿದ ಆ ನಡುಕ ಸೀಳಿ, ಕಿರುಗುಟ್ಟಿ, ಕಡೆಗೆ ನಿಂತಿತು.

ಮರಿ ಒಂದೆರಡು ಸಲ ಶಿಳ್ಳೆ ಹಾಕಿತು. ಉತ್ತರವಿಲ್ಲ. ಗುಲಾಬಿ ಮತ್ತು ಇನ್ನಿಬ್ಬರು ಹೆಂಗಸರು ಸೀರೆ ಎತ್ತಿಕಟ್ಟಿ, ಅದರ ಹೊಟ್ಟೆಯ ಅಡಿಗೆ ಕೈ ಕೊಟ್ಟು ಆಳದ ಕಡೆಗೆ ನೂಕಿದರು. ಗಂಡಸರು ಬಲೆಯನ್ನು ಕೊಯ್ದು ದಾರಿ ಮಾಡಿದರು. ಅದು ಸ್ವಲ್ಪ ದೂರ ಹೋಗಿ, ತಲೆ ನೀರಿನ ಮೇಲೆತ್ತಿ ದಡವನ್ನು ನೋಡಿ, ಆಮೇಲೆ ಉತ್ತರಕ್ಕೆ ಹೊರಳಿತು.

ಹಸೀನಾ ಕಿತ್ತೂರ ಚಪ್ಪಲಿ ಕೈಯಲ್ಲಿ ಹಿಡಿದು ಏದುಸಿರು ಬಿಡುತ್ತ ಬಂದಾಗ ದಂಡೆಯ ಮೇಲೆ ಇದ್ದದ್ದು ಜಜ್ಜಿಹೋದ ಕಬ್ಬಿಣ ಮಾತ್ರ. ಊರಿಗೆ ಊರೇ ತಾವು ಕೇಳಿದ್ದನ್ನು ಹೇಳಿತು. ಆಕೆ ತಲೆ ತಗ್ಗಿಸಿ ಕೇಳಿದರು. ಬರೆದುಕೊಳ್ಳಲಿಲ್ಲ. ಬರೆದುಕೊಳ್ಳುವಂತಿರಲಿಲ್ಲ.

ಬಂದರಿನವರು ಅದು ಹೂಳು ಅಳೆಯುವ ಯಂತ್ರವೆಂದರು. ಉಳಿದ ಯಂತ್ರಗಳನ್ನು ದಡದ ಬಲೆಗೆ ಎಟುಕದಷ್ಟು ಆಚೆ ಸರಿಸಿಕೊಂಡರು. ವಿನುತಾಳನ್ನು ಕೆಲಸದಿಂದ ಅಮಾನತು ಮಾಡಿ, ಸರ್ಕಾರಿ ಸೊತ್ತು ಹಾಳು ಮಾಡಿದ ಮೊಕದ್ದಮೆ ಹೂಡಿದರು. ಸೋಮವಾರ ಬಂಡೆ ಸಿಡಿಯಿತು, ಕೇರಿಯ ಮನೆಗಳ ಹೆಂಚು ಗಡಗಡ ಅಂದಿತು. ಬೈಂದೂರಿನ ಕಡೆಯ ದೋಣಿಯವರು ಒಂಟಿ ಮರಿಯೊಂದನ್ನು ತಮ್ಮ ಕಡಲಿನಲ್ಲಿ ಕಂಡೆವೆಂದು ಉದಯನಿಗೆ ಹೇಳಿ ಕಳಿಸಿದರು. ಗುರುವಾರದ ಹೊತ್ತಿಗೆ ಇನ್ನೊಂದು ಯಂತ್ರ ಇಳಿದಿತ್ತು. ಪರದೆಯ ಮೇಲೆ ಕತ್ತರಿ ಮತ್ತೆ ಕೂಗುತ್ತಿತ್ತು.

ಅಹವಾಲು ಸಭೆ ಕಡಲ ದಂಡೆಯಲ್ಲೇ ಶಾಮಿಯಾನದಡಿ ನಡೆಯಿತು. ಬಂದರಿನ ಎರಡನೆಯ ಹಂತಕ್ಕೆ ಅನುಮತಿ ಕೊಡುವ ಸಭೆ. ಬೆಳವಾಡಿ ದೊಡ್ಡ ಪರದೆ ಕಟ್ಟಿಸಿ, ಇಪ್ಪತ್ತಮೂರು ದನಿಗಳನ್ನು ಒಂದೊಂದಾಗಿ ಕೇಳಿಸಿದರು. ಶಾಲೆಯ ಮಕ್ಕಳನ್ನು ಕರೆಸಿದ್ದರು. ಮಕ್ಕಳು ಚಪ್ಪಾಳೆ ತಟ್ಟಿದರು. ಆ ಚಪ್ಪಾಳೆಗೆ ವಿನುತಾಳ ಮೈ ಉರಿದುಹೋಯಿತು.

ತನ್ನ ಸರದಿ ಬಂದಾಗ ಅವಳು ಮೈಕು ಹಿಡಿದಳು. ದನಿ ನಡುಗುತ್ತಿತ್ತು, ಅದನ್ನು ಅಡಗಿಸಲು ನೋಡಲಿಲ್ಲ.

"ಮೇಡಂ, ನನ್ನ ಹತ್ರ ಸಾಕ್ಷಿ ಇಲ್ಲ. ಒಂದು ಕೋರಿಕೆ ಇದೆ. ಪರದೆ ನೋಡಬೇಡಿ, ಕಡಲು ನೋಡಿ. ಇಪ್ಪತ್ತಮೂರು ಇವೆ ಅಂತಾರೆ. ದೀಪ ಕೆಂಪಿದೆ. ಡಾಲ್ಫಿನ್ ಉಸಿರಿಗೆ ಮೇಲೆ ಬರಲೇಬೇಕು, ಬಂದ್ರೆ ಬರಿಗಣ್ಣಿಗೇ ಕಾಣ್ತದೆ. ಒಂದು, ಒಂದೇ ಒಂದು ಮೇಲೆ ಬರಲಿ. ಎರಡನೇ ಹಂತಕ್ಕೆ ನಾನೇ ಮೊದಲು ಸಹಿ ಹಾಕ್ತೇನೆ. ಅಲ್ಲಿವರೆಗೆ ಯಾರೂ ಏಳೋದು ಬೇಡ."

ಬೆಳವಾಡಿ ಎದ್ದು ನಿಂತರು. "ಮೇಡಂ, ಇದು ನಿಯಮದಲ್ಲಿ ಇಲ್ಲ."

"ಅಧಿಕಾರಿ ಸ್ವತಃ ನೋಡೋದು ನಿಯಮದಾಗ ಐತಿ" ಎಂದರು ಹಸೀನಾ ಕಿತ್ತೂರ. ಕುರ್ಚಿಯನ್ನು ಕಡಲಿನ ಕಡೆಗೆ ತಿರುಗಿಸಿಕೊಂಡು ಕೂತರು.

ಊರೆಲ್ಲ ತಿರುಗಿ ಕೂತಿತು. ಗಾಳಿಯಿಲ್ಲದ ದಿನ. ಕಡಲು ಹರವಿದ ಚಾಪೆಯ ಹಾಗಿತ್ತು. ಹಿಂದೆ ಪರದೆ ಶಿಳ್ಳೆ ಹಾಕುತ್ತಲೇ ಇತ್ತು: ಅಜ್ಜಿ, ಮೊಂಡ, ಚುಕ್ಕಿ, ಕತ್ತರಿ. ಮುಂದೆ ನೀರಿನ ಮೇಲೆ ಒಂದು ಬೆನ್ನಿಲ್ಲ, ಒಂದು ಉಸಿರಿನ ತುಂತುರಿಲ್ಲ. ಊಟದ ಹೊತ್ತಾಯಿತು, ಯಾರೂ ಏಳಲಿಲ್ಲ. ಜನ ಜಾಸ್ತಿ ಇರುವುದಕ್ಕೆ ಹೆದರಿರಬಹುದು ಎಂದರು ಬೆಳವಾಡಿ. ಹಾಗಾದರೆ ಯಾಕೆ ಇಷ್ಟು ಹತ್ತಿರದಲ್ಲೇ ಕೂಗುತ್ತಿವೆ ಎಂದು ಗುಲಾಬಿ ಕೇಳಿದಳು. ಬಿಸಿಲು ಇಳಿಮುಖವಾಯಿತು. ಚಪ್ಪಾಳೆ ತಟ್ಟಿದ್ದ ಹುಡುಗಿಯೊಬ್ಬಳು ಪರದೆ ನೋಡಿ, ಕಡಲು ನೋಡಿ, ಟೀ‌ಚರರ ಸೆರಗು ಜಗ್ಗಿ "ಟೀಚರ್, ಅವು ಎಲ್ಲಿತ್ತ್?" ಎಂದಳು.

ಹಸೀನಾ ಕಿತ್ತೂರ ಕುರ್ಚಿ ತಿರುಗಿಸಿದರು. ಬಿಸಿಲಿಗೆ ಮುಖ ಕಪ್ಪಿಟ್ಟಿತ್ತು.

"ಆ ಸದ್ದು ನಿಲ್ಲಿಸ್ರಿ ಮೊದಲು" ಎಂದರು. ಪರದೆ ಸುಮ್ಮನಾಯಿತು. "ಈಗ ನಾನೊಂದು ಸಂಖ್ಯೆ ಬರೀಬೇಕು. ಎಷ್ಟು ಅಂತ ಬರೀಲಿ ಡಾಕ್ಟರೇ?"

ಕೇಳಿದ್ದು ವಿನುತಾಳನ್ನು. "ಸೊನ್ನೆ ಬರೀರಿ ಮೇಡಂ."

"ವಿನುತಾ!" ಬೆಳವಾಡಿಯವರ ಮೆತ್ತಗಿನ ದನಿ ಮೊದಲ ಬಾರಿಗೆ ಒಡೆಯಿತು. "ಸೊನ್ನೆ ಅಂದ್ರೆ ಸಂರಕ್ಷಿತ ಪ್ರದೇಶ ಹೋಯ್ತು. ಕೊಲ್ಲಿಯನ್ನ ನಿಮ್ಮ ಕೈಯಾರೆ ಅವರಿಗೆ ಕೊಡ್ತಾ ಇದೀರಿ. ಗೊತ್ತಿದೆಯಾ?"

"ಗೊತ್ತಿದೆ ಸರ್. ಹೋದದ್ದನ್ನ ಇದೆ ಅಂತ ಬರ್ಕೊಂಡು ಕೂತ್ರೆ, ಕೊಂದವರನ್ನ ಕೇಳೋರೇ ಇರೋದಿಲ್ಲ." ಅವಳು ಅಧಿಕಾರಿಯ ಕಡೆ ತಿರುಗಿದಳು. "ಸೊನ್ನೆ ಬರೀರಿ. ಅದರ ಪಕ್ಕದಲ್ಲಿ, ಅದನ್ನ ಸೊನ್ನೆ ಮಾಡಿದವರ ಹೆಸರೂ ಬರೀರಿ."

ಹಸೀನಾ ಕಿತ್ತೂರ ಪೆನ್ನಿನ ಮುಚ್ಚಳ ತೆಗೆದರು.

"ಹೇಳ್ರಿ" ಎಂದರು.

ವಿನುತಾ ಮೈಕನ್ನು ಬಾಯಿಯ ಹತ್ತಿರಕ್ಕೆ ತಂದುಕೊಂಡಳು. ಮುಂದಿನ ಸಾಲಿನಲ್ಲಿ ಕೂತಿದ್ದ ಒಬ್ಬೊಬ್ಬರ ಮುಖವನ್ನೂ ನೋಡಿ, ಬೆಳವಾಡಿಯವರ ಹೆಸರಿನಿಂದ ಶುರುಮಾಡಿದಳು.